ನನ್ನ ಬಾಕಿ ನನಗಿರಲಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ನರಗುಂದ ತಾಲ್ಲೂಕಿನ ಒಬ್ಬ ರೈತನ ನಮಸ್ಕಾರಗಳು.

ಈ ಪತ್ರವನ್ನು ನಿಮ್ಮ ಹೆಸರಿಗೆ ಬರೆಯದೆ ಹುದ್ದೆಗೆ ಬರೆಯುತ್ತಿದ್ದೇನೆ. ಆ ಕುರ್ಚಿಯಲ್ಲಿ ಹಿಂದೆ ಕೂತಿದ್ದವರಿಗೂ ಮುಂದೆ ಕೂರಲು ಟವೆಲ್ ಹಾಕಿಟ್ಟವರಿಗೂ ಇದು ಅಷ್ಟೇ ಸಲ್ಲುತ್ತದೆ. ವಿರೋಧ ಪಕ್ಷದವರು ಓದಿ ಚಪ್ಪಾಳೆ ತಟ್ಟುವ ಅಗತ್ಯವಿಲ್ಲ. ಸಾಲ ಮನ್ನಾದ ವಿಷಯದಲ್ಲಿ ನೀವೆಲ್ಲರೂ ಒಂದೇ ಪಕ್ಷ.

ಕಳೆದ ತಿಂಗಳು ನಮ್ಮೂರ ಸೊಸೈಟಿಯಲ್ಲಿ ಗೊಬ್ಬರದ ಚೀಟಿಗಾಗಿ ಕೂತಿದ್ದೆ. ಓಣಿಯ ಹುಡುಗನೊಬ್ಬ ಬಂದ. ಇಪ್ಪತ್ತನಾಲ್ಕು ವರ್ಷ, ಡಿಪ್ಲೊಮಾ ಮುಗಿಸಿದ್ದಾನೆ. ಅಪ್ಪನ ಹೊಲ ಈಗಷ್ಟೇ ಅವನ ಹೆಸರಿಗೆ ಆಗಿದೆ. ಜೀವನದಲ್ಲಿ ಮೊದಲ ಸಲ ಬೆಳೆಸಾಲ ತೆಗೆಯುತ್ತಿದ್ದ. ಕಾಗದಗಳಿಗೆ ಸಹಿ ಹಾಕಿ, ಪೆನ್ನು ವಾಪಸು ಕೊಡುತ್ತಾ ಕಾರ್ಯದರ್ಶಿಗೆ ಒಂದೇ ಒಂದು ಪ್ರಶ್ನೆ ಕೇಳಿದ: "ಅಣ್ಣಾರ, ಇದನ್ನ ಕಟ್ಟಬೇಕೇನ್ರಿ?"

ಬಡ್ಡಿ ಎಷ್ಟು ಎಂದು ಕೇಳಲಿಲ್ಲ. ಕಟ್ಟುವ ಗಡುವು ಯಾವಾಗ ಎಂದೂ ಕೇಳಲಿಲ್ಲ. ಕಾರ್ಯದರ್ಶಿ ನಕ್ಕ. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಹುಡುಗನಿಗೆ ಆ ಪ್ರಶ್ನೆ ಕಲಿಸಿದವರಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ. ನನ್ನ ಪಾಲಿನದನ್ನು ಮೊದಲು ಹೇಳಿಬಿಡುತ್ತೇನೆ.

2018ರ ವಿಧಾನಸಭೆ ಚುನಾವಣೆ ನೆನಪಿರಬೇಕು. ಅಧಿಕಾರಕ್ಕೆ ಬಂದ 24 ತಾಸಿನೊಳಗೆ ಪೂರ್ತಿ ಸಾಲ ಮನ್ನಾ ಎಂದು ಒಂದು ಪಕ್ಷ. ಒಂದು ಲಕ್ಷದವರೆಗೆ ಮನ್ನಾ ಎಂದು ಇನ್ನೊಂದು. ಹಿಂದಿನ ವರ್ಷವಷ್ಟೇ ಸಹಕಾರಿ ಸಂಘಗಳ ಸಾಲದಲ್ಲಿ ಐವತ್ತು ಸಾವಿರದವರೆಗೆ ಮನ್ನಾ ಮಾಡಿ, ಅದಕ್ಕೆ 8,165 ಕೋಟಿ ಎಂದು ಲೆಕ್ಕ ಹೇಳಿದ ಪಕ್ಷ ಮತ್ತೊಂದು. ಸೊಸೈಟಿಯಲ್ಲಿ ನನ್ನ ಬೆಳೆಸಾಲ 82 ಸಾವಿರ ಇತ್ತು. ಗಡುವಿನೊಳಗೆ ಕಟ್ಟಿದರೆ ಒಂದು ಪೈಸೆ ಬಡ್ಡಿಯಿಲ್ಲದ ಸಾಲ ಅದು. ಆ ವರ್ಷ ಕಡಲೆ ಕೈ ಹಿಡಿದಿತ್ತು, ಒಣಮೆಣಸಿನಕಾಯಿಗೂ ತಕ್ಕಮಟ್ಟಿಗೆ ರೇಟು ಸಿಕ್ಕಿತ್ತು. ದುಡ್ಡು ಮನೆಯಲ್ಲೇ, ಟ್ರಂಕಿನಲ್ಲೇ ಇತ್ತು. ಊರಲ್ಲಿ ಎಲ್ಲರೂ ಹೇಳಿದರು, ಕಟ್ಟಬ್ಯಾಡ. ಸಂಘದ ಆಡಳಿತ ಮಂಡಳಿಯವರೇ ಹೇಳಿದರು, ಸ್ವಲ್ಪ ತಡಿ. ನಾನು ತಡೆದೆ. ಆ ದುಡ್ಡಿನಲ್ಲಿ ಒಂದು ಮೋಟರ್‌ಸೈಕಲ್ ತಗೊಂಡೆ.

ಜುಲೈ 5ರಂದು ಬಜೆಟ್ ಮಂಡನೆಯಾಯಿತು. 34 ಸಾವಿರ ಕೋಟಿಯ ಮನ್ನಾ ಘೋಷಣೆ. ಆಮೇಲೆ ಆಧಾರ್, ರೇಷನ್ ಕಾರ್ಡು, ಪಹಣಿ, ಸ್ವಯಂ ಘೋಷಣೆ, ಹಸಿರು ಪಟ್ಟಿ ಎಂದು ಒಂದು ವರ್ಷ ಓಡಾಡಿಸಿದಿರಿ. ಕೊನೆಗೆ ನನ್ನ 82 ಸಾವಿರ ಮನ್ನಾ ಆಯಿತು. ಪಕ್ಕದ ಮನೆಯವನು ಹೆಂಡತಿಯ ಬಳೆ ಒತ್ತೆಯಿಟ್ಟು ಮಾರ್ಚಿನಲ್ಲೇ ಕಟ್ಟಿದ್ದ. ಸರಿಯಾಗಿ ಕಟ್ಟಿದವರಿಗೆ ಪ್ರೋತ್ಸಾಹವೆಂದು ಅದೇ ಬಜೆಟ್ಟಿನಲ್ಲಿ 25 ಸಾವಿರದವರೆಗೆ ಕೊಡುವ ಮಾತಿತ್ತು. ಅಂದರೆ ಕಟ್ಟದ ನನಗೆ ಒಂದು ಲಕ್ಷದವರೆಗೆ, ಕಟ್ಟಿದ ಅವನಿಗೆ ಹೆಚ್ಚೆಂದರೆ 25 ಸಾವಿರ. ಪ್ರಾಮಾಣಿಕತೆಗೆ ಸರ್ಕಾರವೇ ಕಟ್ಟಿದ ಬೆಲೆ. ಅವನು ಈಗಲೂ ನನ್ನ ಜೊತೆ ಚಹಾ ಕುಡಿಯುತ್ತಾನೆ. ಮೋಟರ್‌ಸೈಕಲ್ ಕಂಡರೆ ಮಾತ್ರ "ಸರ್ಕಾರಿ ಗಾಡಿ ಬಂತು" ಅನ್ನುತ್ತಾನೆ.

ನಮ್ಮ ಅಪ್ಪ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಅವರ ಸಿಟ್ಟು ನನಗೆ ಆಗ ಸುತಾರಾಂ ಅರ್ಥವಾಗಿರಲಿಲ್ಲ. ಅರ್ಥವಾಗದಿದ್ದದ್ದಕ್ಕೆ ಕಾರಣವೂ ಇತ್ತು. ಅಪ್ಪ ಹಸಿರು ಶಾಲಿನವರು. 1980ರಲ್ಲಿ ಇಪ್ಪತ್ತೈದರ ಹುಡುಗ. ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ನೀರಾವರಿಯಿಂದ ಹೊಲದ ಬೆಲೆ ಏರಿತೆಂದು ಹಾಕುವ ಬೆಟರ್‌ಮೆಂಟ್ ಲೆವಿಯ ನೋಟಿಸು ಮನೆ ಮುಟ್ಟಿತ್ತು. ಕೊಡದವರ ಮನೆಯ ಹಂಡೆ, ಕೊಡ, ಎತ್ತು ಜಪ್ತಿಯಾಗುತ್ತಿದ್ದವು. ಆ ವರ್ಷದ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆದಾಗ ಅಪ್ಪ ತಹಶೀಲ್ದಾರ್ ಕಚೇರಿಯ ಹತ್ತಿರದ ಗುಂಪಿನಲ್ಲಿದ್ದರು. ಆ ಬೆಂಕಿಯಿಂದಲೇ ರೈತ ಸಂಘ ಎದ್ದು ಬಂತು, ಗುಂಡೂರಾಯರ ಸರ್ಕಾರ ಅಲುಗಾಡಿತು. ಮುಂದೆ ಪ್ರೊಫೆಸರ್ ನಂಜುಂಡಸ್ವಾಮಿಯವರ ಕಾಲದಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬ ಬೋರ್ಡು ಅಗಸಿಯಲ್ಲಿ ನಿಂತಿತು. ಜಪ್ತಿಯಾದ ಸಾಮಾನನ್ನು ಹೋಗಿ ಎತ್ತಿಕೊಂಡು ಬರುವ ಮರುಜಪ್ತಿ ನಡೆಯಿತು. ಇಂಥ ಅಪ್ಪ, ಮಗ ಸಾಲ ಕಟ್ಟಲಿಲ್ಲ ಅಂತ ಮಾತು ಬಿಡುವುದು ಅಂದರೆ?

ನಾಲ್ಕನೆಯ ದಿನ ನಾನೇ ಕೇಳಿದೆ. ನೀವು ಕಟ್ಟದಿದ್ದರೆ ಚಳವಳಿ, ನಾನು ಕಟ್ಟದಿದ್ದರೆ ಕಳ್ಳತನ ಏನು ಅಂತ. ಅಪ್ಪ ಅಡಿಕೆ ಕತ್ತರಿಸುತ್ತಾ ಅಂದರು: "ನಾವು ಕೊಡೂದಿಲ್ಲ ಅಂದಿದ್ವಿ. ಕೊಡಾಕ ಆಗೂದಿಲ್ರಿ ಯಪ್ಪಾ ಅಂತ ಅತ್ತಿದ್ದಿಲ್ಲ. ನೀ ರೊಕ್ಕಾ ಟ್ರಂಕಿನ್ಯಾಗ ಇಟಗೊಂಡು ಅತ್ತಿ."

ಸ್ವಾಮಿ, ಈ ಪತ್ರದ ಸಾರವೆಲ್ಲ ಆ ಮಾತಿನಲ್ಲೇ ಇದೆ. ನಾನು ಮುಂದೆ ಬರೆಯುವುದೆಲ್ಲ ಅದರ ಟಿಪ್ಪಣಿ.

ರೈತ ಸಂಘದ ಹಳೆಯ ಘೋಷಣೆ ನಿಮಗೂ ಗೊತ್ತು: ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ. ಅದು ಲೆಕ್ಕದ ಮಾತು. ನೀವು ಲೆವಿ ಹಾಕಿ, ರೇಟು ಒತ್ತಿಹಿಡಿದು, ನಮ್ಮ ಮಾಲನ್ನು ಜಿಲ್ಲೆಯಿಂದ ಜಿಲ್ಲೆಗೆ ಹೋಗದಂತೆ ತಡೆದು ನಮ್ಮಿಂದ ಇಷ್ಟು ಕಿತ್ತುಕೊಂಡಿದ್ದೀರಿ, ಮೊದಲು ಅದನ್ನು ಎಣಿಸಿ ಇಡಿ ಎಂದು ಎದುರು ನಿಂತು ಕೇಳುವ ದನಿ. ಹಾಗೆ ಕೇಳಿದವನು ಜೈಲಿಗೂ ಹೋದ, ಗುಂಡಿಗೂ ಎದೆಕೊಟ್ಟ. ತನ್ನ ಮಾತಿನ ಹೊಣೆ ತಾನೇ ಹೊತ್ತ. ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆಯವರೂ ಅದೇ ಕಾಲಕ್ಕೆ, ಭಿಕ್ಷೆ ಬೇಡ, ಬೆವರಿನ ಬೆಲೆ ಬೇಕು ಎಂದು ಕೂಗುತ್ತಿದ್ದರು. ಆಮೇಲೆ ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿಷಯದಲ್ಲಿ ಜೋಶಿಯವರದು ಒಂದು ದಾರಿಯಾಯಿತು, ನಂಜುಂಡಸ್ವಾಮಿಯವರದು ಅದಕ್ಕೆ ತದ್ವಿರುದ್ಧ. ಯಾರು ಸರಿ ಎಂಬ ಜಗಳ ನಮ್ಮ ಕಟ್ಟೆಯ ಮೇಲೆ ಇನ್ನೂ ಮುಗಿದಿಲ್ಲ. ಆದರೆ ಇಬ್ಬರೂ ರೈತನನ್ನು ಪಾಪದ ಪ್ರಾಣಿ ಎಂದು ಎಲ್ಲೂ ತೋರಿಸಲಿಲ್ಲ.

ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮಾತು ಬದಲಾಗಿದೆ. ಬಾಕಿ ಹೋಗಿ ಮನ್ನಾ ಬಂತು. ನಮ್ಮ ಕಡೆ ಅದನ್ನು ಮಾಫಿ ಅನ್ನುವುದೇ ಹೆಚ್ಚು. ಮಾಫಿ ಅಂದರೆ ಕ್ಷಮೆ. ಕ್ಷಮೆ ತಪ್ಪು ಮಾಡಿದವನಿಗೆ ಕೊಡುವುದು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಹತ್ತು ಸಾವಿರದವರೆಗೆ ಕ್ಷಮಿಸಿತು. 2008ರಲ್ಲಿ ದಿಲ್ಲಿ ಮತ್ತೆ ಕ್ಷಮಿಸಿತು, ಎರಡು ಹೆಕ್ಟೇರ್ ಒಳಗಿನವರಿಗೆ ಪೂರ್ತಿ. 2017, 2018ರಲ್ಲಿ ಬೆಂಗಳೂರು ಕ್ಷಮಿಸಿತು. ಇಷ್ಟು ಸಲ ಕ್ಷಮಿಸಿಕೊಂಡವರು ನಾವು ಯಾವ ತಪ್ಪು ಮಾಡಿದ್ದೆವು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ವೇದಿಕೆಯ ಮೇಲೆ ನಾವು ಅನ್ನದಾತರು, ಕಚೇರಿಯ ಅರ್ಜಿಯಲ್ಲಿ ಸಂತ್ರಸ್ತರು. ಅನ್ನದಾತ ಅಂದು ಗುಡಿಯಲ್ಲಿ ಕೂಡ್ರಿಸಿ, ಹೂವು ಏರಿಸಿ, ಹೋಗುವಾಗ ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತೀರಿ.

ಆ ಕೀಲಿಗಳ ಬಗ್ಗೆ ಹೇಳುತ್ತೇನೆ. ಸಾಲಕ್ಕಿಂತ ದೊಡ್ಡ ಕಥೆ ಅದು.

ಈರುಳ್ಳಿಯನ್ನೇ ತೆಗೆದುಕೊಳ್ಳಿ. 2022ರಲ್ಲಿ ನಮ್ಮ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೊ ಈರುಳ್ಳಿಯನ್ನು ನಾನೂರು ಕಿಲೊಮೀಟರ್ ದೂರದ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲ್‌ಗೆ 200 ರೂಪಾಯಿ. ಒಟ್ಟು 410. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಓಡಾಡಿತು, ಎಲ್ಲರೂ ಲೊಚಗುಟ್ಟಿದರು. ಆ ದಿನ ಮಾರುಕಟ್ಟೆಯಲ್ಲಿ ಈರುಳ್ಳಿ ಬಿದ್ದದ್ದಕ್ಕೆ ಸರ್ಕಾರವನ್ನು ಬೈಯುವವನು ನಾನಲ್ಲ. ಹಿಂದಿನ ವರ್ಷ ರೇಟು ಕಂಡು ಎಲ್ಲರೂ ಈರುಳ್ಳಿಯನ್ನೇ ಹಾಕಿದರೆ ಬೀಳುವುದೇ. ಅದು ನಮ್ಮ ಲೆಕ್ಕ, ನಮ್ಮ ನಷ್ಟ. ನುಂಗಿಕೊಳ್ಳೋಣ.

ಮರುವರ್ಷ ಏನಾಯಿತು? ಮಳೆ ಕೈಕೊಟ್ಟಿತು, ಬೆಳೆದವರು ಕಡಿಮೆ, ರೇಟು ಏರಿತು. ನುಂಗಿದ್ದನ್ನು ಕಕ್ಕಿಸಿಕೊಳ್ಳುವ ವರ್ಷ ಅದು. 2023ರ ಆಗಸ್ಟ್ 19ರಂದು ದಿಲ್ಲಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು. ಡಿಸೆಂಬರ್ 8ರಂದು ರಫ್ತನ್ನೇ ನಿಲ್ಲಿಸಿತು. ಮಾರ್ಚ್ ಕೊನೆಗೆ ಮುಗಿಯಬೇಕಿದ್ದ ನಿಷೇಧ ಮುಂದಕ್ಕೆ ಹೋಗಿ, ತೆರವಾದದ್ದು 2024ರ ಮೇ 4ರಂದು. ಉತ್ತರ ಕರ್ನಾಟಕದ ಮತದಾನ ಮೇ 7ಕ್ಕಿತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಗುಲಾಬಿ ಈರುಳ್ಳಿಗೆ ನಡುವೆ ಸುಂಕದಿಂದ ವಿನಾಯಿತಿ ಸಿಕ್ಕಿತು, ಅದಕ್ಕೂ ತೋಟಗಾರಿಕೆ ಇಲಾಖೆಯ ಸರ್ಟಿಫಿಕೇಟು ಬೇಕಿತ್ತು. ನಾನು ಬೆಳೆದ ಗಡ್ಡೆಯನ್ನು ಕೊಳ್ಳಲು ಕೊಲಂಬೊದಲ್ಲಿ ಒಬ್ಬ ಸಿದ್ಧನಿದ್ದರೆ, ಮಾರಲು ನಾನು ಯಾರ ಸರ್ಟಿಫಿಕೇಟು ತರಬೇಕು?

ಸುಂಕ ಬಿದ್ದ 2023ರದೇ ಜುಲೈ. ಕೋಲಾರದಲ್ಲಿ ಹದಿನೈದು ಕಿಲೊ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತು. ಹತ್ತು ವರ್ಷದಲ್ಲಿ ಒಮ್ಮೆ ಬರುವ ಭಾಗ್ಯ. ಕೂಡಲೇ ದಿಲ್ಲಿಯಲ್ಲಿ ರಿಯಾಯಿತಿ ದರದ ಟೊಮೆಟೊ ಗಾಡಿಗಳು ಹೊರಟವು, ನೇಪಾಳದಿಂದ ಆಮದು ಬಂತು. ಅದೇ ಟೊಮೆಟೊವನ್ನು ನಾವು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಇಂಥ ಅವಸರ ಯಾವ ಕಚೇರಿಯಲ್ಲೂ ಕಾಣುವುದಿಲ್ಲ. ನಷ್ಟವಾದರೆ ಮಾರುಕಟ್ಟೆಯ ನಿಯಮ, ಲಾಭವಾದರೆ ರಾಷ್ಟ್ರದ ತುರ್ತು. ಜೂಜಿನ ಅಡ್ಡೆಯಲ್ಲೂ ಗೆದ್ದವನಿಗೆ ದುಡ್ಡು ಕೊಡುತ್ತಾರೆ.

ರಫ್ತು ನಿಮ್ಮ ಕೈಲಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಮನ್ನಾ ಎಂಬ ಸಾಂತ್ವನದ ಬಹುಮಾನ ಸಿಗುತ್ತದೆ ಎಂಬ ಕಾರಣಕ್ಕೇ ನಾವು ಈ ಕೀಲಿಗಳ ಬಗ್ಗೆ ಗಟ್ಟಿಯಾಗಿ ಕೇಳುವುದನ್ನು ಬಿಟ್ಟಿದ್ದೇವೆ. ಡಿಸೆಂಬರಿನಲ್ಲಿ ನನ್ನ ಜೇಬಿನಿಂದ ಒಂದು ಲಕ್ಷ ತೆಗೆದು, ಚುನಾವಣೆಯ ವರ್ಷ ಐವತ್ತು ಸಾವಿರ ವಾಪಸು ಕೊಟ್ಟು ಹಾರ ಹಾಕಿಸಿಕೊಳ್ಳುವ ವ್ಯವಹಾರ ಇದು. ನಗರದ ಗ್ರಾಹಕನ ಸಲುವಾಗಿ ರೇಟು ಇಳಿಸಲೇಬೇಕು ಎಂದಿದ್ದರೆ ಇಳಿಸಿ. ವ್ಯತ್ಯಾಸವನ್ನು ಖಜಾನೆಯಿಂದ ಆ ವಾರವೇ, ಬಿಲ್ಲಿನ ಮೇಲೆ ಕೊಡಿ. ಅದಕ್ಕೆ ಪರಿಹಾರ ಎಂದು ಹೆಸರಿಡಬೇಡಿ. ಅದು ಬಾಕಿ.

ಇನ್ನೊಂದು ಕೀಲಿ ಪೂರ್ತಿಯಾಗಿ ನಿಮ್ಮ ಕೈಲಿದೆ. ಅದನ್ನು ಹೇಳುವುದಕ್ಕೇ ಮುಖ್ಯವಾಗಿ ಈ ಪತ್ರ.

ನನ್ನ ಹೊಲದ ಮಗ್ಗುಲಲ್ಲಿ ನಾಲ್ಕು ಎಕರೆಯನ್ನು ಒಬ್ಬ ಅಕ್ಕ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಾಳೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಹೊಲದ ಮಾಲೀಕರು ಹುಬ್ಬಳ್ಳಿಯಲ್ಲಿ ನೌಕರಿ. ವರ್ಷಕ್ಕೆ ಇಷ್ಟು ಎಂದು ಬಾಯಿಮಾತಿನ ಲಾವಣಿ. ಪಹಣಿಯಲ್ಲಿ ಅವಳ ಹೆಸರಿಲ್ಲ. ಹೆಸರಿಲ್ಲವೆಂದರೆ ಸೊಸೈಟಿಯ ಶೂನ್ಯ ಬಡ್ಡಿ ಸಾಲವಿಲ್ಲ, ಬೆಳೆ ವಿಮೆಯಿಲ್ಲ, ಬರ ಪರಿಹಾರವಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿ, ಮೊದಲ ಕಂತೆಂದು ಎರಡು ಸಾವಿರದವರೆಗೆ ಬಂತಲ್ಲ, ಅವಳ ಹೊಲದ ದುಡ್ಡು ಹೋದದ್ದು ಹುಬ್ಬಳ್ಳಿಯ ಖಾತೆಗೆ. ಮಾಲೀಕರು ಒಳ್ಳೆಯವರು, ಅರ್ಧ ಕಳಿಸಿದರು. ಒಳ್ಳೆಯವರಾಗಿರದಿದ್ದರೆ ಕೇಳಲು ಅವಳಿಗೆ ಯಾವ ಕಾಗದವೂ ಇಲ್ಲ. ಬಿತ್ತನೆಗೆ ಅವಳು ಸಾಲ ತರುವುದು ಮಹಿಳಾ ಸಂಘದಿಂದ ಮತ್ತು ಒಂದು ಮೈಕ್ರೊ ಫೈನಾನ್ಸ್‌ನಿಂದ. ವಾರ ತಪ್ಪದೆ ಕಟ್ಟುತ್ತಾಳೆ. ಕಟ್ಟದಿದ್ದರೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆ ಕಿರುಕುಳಕ್ಕೆ ಕಡಿವಾಣ ಹಾಕಲು 2025ರಲ್ಲಿ ಕಾನೂನು ತಂದಿರಿ, ಸರಿಯಾದ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಸಾಲ ಮಾಫಿಯಾದ ಸುದ್ದಿ ಕೇಳಿ ಅವಳು ಬದುವಿನ ಮೇಲೆ ನಿಂತು ಕೇಳಿದ್ದಳು: "ಅಣ್ಣಾರ, ನಿಮ್ದು ಆತಂತಲ್ರಿ. ನಂದು ಯಾವಾಗ ಆಗತೈತಿ?" ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದಳು. ಮೋಟರ್‌ಸೈಕಲ್ ಮೇಲೆ ಕೂತಿದ್ದ ನಾನು ಏನು ಹೇಳಲಿ?

ಅವಳಿಗೆ ಕಾಗದ ಯಾಕಿಲ್ಲ ಎಂದು ಕೇಳಿದರೆ ಉತ್ತರ ನಿಮ್ಮ ಕಪಾಟಿನಲ್ಲೇ ಇದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ. ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧ. 1974ರಲ್ಲಿ ದೇವರಾಜ ಅರಸರು ಆ ತಿದ್ದುಪಡಿ ತಂದಾಗ ಅದಕ್ಕೆ ಅರ್ಥವಿತ್ತು. ಉಳುವವನೇ ಒಡೆಯನಾದ, ಲಕ್ಷಾಂತರ ಗೇಣಿದಾರರು ಹೊಲ ಕಂಡರು. ನಮ್ಮ ತಾತನೂ ಕಂಡ. ಆ ಉಪಕಾರ ಮರೆತು ಮಾತಾಡುವ ನಾಲಗೆ ನನ್ನದಲ್ಲ. ಆದರೆ ಐವತ್ತು ವರ್ಷ ಕಳೆದಿದೆ. ಆಗ ಗೇಣಿದಾರನನ್ನು ಕಾಪಾಡಿದ ಕಲಂ ಈಗ ಗೇಣಿದಾರಳನ್ನು ಕಣ್ಣಿಗೆ ಕಾಣದಂತೆ ಮಾಡಿದೆ. ಮಾಲೀಕರಿಗೆ ಬರೆದುಕೊಟ್ಟರೆ ಹೊಲ ಹೋದೀತೆಂಬ ಭಯ, ಇವಳಿಗೆ ಬರೆಸಿಕೊಡಿ ಎಂದರೆ ಇದ್ದ ಹೊಲವೂ ಹೋದೀತೆಂಬ ಭಯ. ಲಾವಣಿಯನ್ನು ಕಾನೂನುಬದ್ಧ ಮಾಡಿ, ಒಡೆತನ ಭದ್ರವಿಟ್ಟು ಗೇಣಿದಾರರಿಗೆ ಸಾಲ, ವಿಮೆ ಸಿಗುವಂತೆ ಮಾಡಬಹುದೆಂದು ನೀತಿ ಆಯೋಗ 2016ರಲ್ಲೇ ಒಂದು ಮಾದರಿ ಕಾಯ್ದೆ ಬರೆದುಕೊಟ್ಟಿದೆ. ಮೂರು ಪುಟದ ಕರಾರುಪತ್ರ ಸಾಕು. ಅದಕ್ಕೆ 34 ಸಾವಿರ ಕೋಟಿ ಬೇಡ. ಬಹುಶಃ ಅದಕ್ಕೇ ಅದು ಯಾರ ಪ್ರಣಾಳಿಕೆಯಲ್ಲೂ ಬರುವುದಿಲ್ಲ.

ಆ ಅಕ್ಕ ಸಂತ್ರಸ್ತೆಯೇ? ಅವಳನ್ನು ಹಾಗೆ ಕರೆದರೆ ಕುಡಗೋಲು ಹಿಡಿದು ಬರುತ್ತಾಳೆ. ಅವಳಿಗೆ ಬೇಕಿರುವುದು ತನ್ನ ಹೆಸರಿನ ಸಾಲ, ತನ್ನ ಹೆಸರಿನ ರಶೀದಿ.

ಈಗ ನೀವು, ಅಥವಾ ನಿಮಗಿಂತ ಮೊದಲು ನನ್ನ ಹಸಿರು ಶಾಲಿನ ಗೆಳೆಯರು, ಒಂದು ಪ್ರಶ್ನೆ ಕೇಳುತ್ತೀರಿ. ದೊಡ್ಡ ದೊಡ್ಡ ಕಂಪನಿಗಳ ಲಕ್ಷಾಂತರ ಕೋಟಿ ಸಾಲವನ್ನು ಬ್ಯಾಂಕುಗಳು ಪುಸ್ತಕದಿಂದ ತೆಗೆದು ಹಾಕುವಾಗ ಹೊಣೆಗಾರಿಕೆ ಎಲ್ಲಿ ಹೋಗಿರುತ್ತದೆ? ನ್ಯಾಯವಾದ ಪ್ರಶ್ನೆ. ಬ್ಯಾಂಕಿನ ದೊಡ್ಡವರು ಏಸಿ ಕೋಣೆಯಲ್ಲಿ ಕೂತು, ಮನ್ನಾದಿಂದ ಸಾಲದ ಶಿಸ್ತು ಕೆಡುತ್ತದೆ ಎಂದಾಗ ನನಗೂ ಮೈ ಉರಿಯುತ್ತದೆ. ಆದರೆ ಓಣಿಯ ಸಾಹುಕಾರ ತೂಕದಲ್ಲಿ ಮೋಸ ಮಾಡುತ್ತಾನೆಂದು ನಾನೂ ತಕ್ಕಡಿಗೆ ಅಂಟು ಹಚ್ಚಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಅವರನ್ನು ಕೇಳೋಣ, ಗಟ್ಟಿಯಾಗಿ ಕೇಳೋಣ. ಕೈ ಸ್ವಚ್ಛವಿದ್ದರೆ ದನಿ ಇನ್ನೂ ಗಟ್ಟಿ ಬರುತ್ತದೆ.

ಆ ಕಂಪನಿಗಳಿಂದ ನಾವು ಕೇಳಿ ಪಡೆಯಬೇಕಾದ ಒಂದು ವಸ್ತು ಬೇರೆಯೇ ಇದೆ. ಸೋಲುವ ಹಕ್ಕು. ಮುಳುಗಿದ ಕಂಪನಿಗೆ 2016ರಿಂದ ದಿವಾಳಿ ಸಂಹಿತೆ ಇದೆ. ಲೆಕ್ಕ ಕೊಟ್ಟು, ಇದ್ದದ್ದನ್ನು ಒಪ್ಪಿಸಿ, ಸೋತೆ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುವ ಒಂದು ಬಾಗಿಲು. ಅದೇ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೆಂದು ಬರೆದ ಭಾಗ, ಕಂಪನಿ ಸಾಲಗಳಿಗೆ ಜಾಮೀನು ನಿಂತವರನ್ನು ಬಿಟ್ಟು ಉಳಿದವರಿಗೆ ಇನ್ನೂ ಜಾರಿಯಾಗಿಲ್ಲ. ನಿಜವಾಗಿ ಮುಳುಗಿದ ರೈತನಿಗೆ ಮರ್ಯಾದೆಯಿಂದ ಸೋಲಲು ದಾರಿಯಿಲ್ಲ. ಇರುವುದು ಎರಡೇ, ಚುನಾವಣೆಗೆ ಕಾಯುವುದು, ಇಲ್ಲ ಇನ್ನೊಂದು. ಆ ಇನ್ನೊಂದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ನಮ್ಮೂರಲ್ಲೂ ಆಗಿದೆ. ಸತ್ತವರನ್ನು ವಾದಕ್ಕೆ ಎಳೆದು ತರುವ ಚಾಳಿ ರಾಜಕಾರಣಿಗಳಿಗಿರಲಿ.

ನಮ್ಮವರ ತಪ್ಪುಗಳನ್ನೂ ಹೇಳದೆ ಹೋದರೆ ಈ ಪತ್ರ ಅರ್ಧ. ಬೆಳೆಸಾಲ ತೆಗೆದು ಮಗಳ ಮದುವೆಗೆ ಪೆಂಡಾಲ್ ಹಾಕಿಸಿದವರು ನಾವು. ಹೊಲದಲ್ಲಿ ಒಂದು ಬೆಳೆ ಹಾಕಿ ಪಹಣಿಯಲ್ಲಿ, ವಿಮೆಯಲ್ಲಿ ಇನ್ನೊಂದು ಬೆಳೆ ಬರೆಸಿದವರು ನಾವು. ಆಮೇಲೆ ವಿಮೆ ತಿರಸ್ಕೃತವಾದಾಗ ರಸ್ತೆ ತಡೆ ಮಾಡಿದವರೂ ನಾವೇ. ಮುಂಗಾರಿಗೆ ಶೇ. 2, ತೋಟಗಾರಿಕೆ ಬೆಳೆಗೆ ಶೇ. 5 ಪ್ರೀಮಿಯಂ ಕಟ್ಟುವ ವಿಮೆಯ ಷರತ್ತನ್ನು ಒಂದು ಸಲವೂ ಓದದೆ ಹೆಬ್ಬೆಟ್ಟು ಒತ್ತುವ ಪದವೀಧರ ನಾನು. ನನ್ನ ಹೊಲ ಪೂರ್ತಿ ಒಣಗಿಹೋದರೂ ಪಂಚಾಯಿತಿಯ ಸರಾಸರಿ ಇಳುವರಿ ಚೆನ್ನಾಗಿದ್ದರೆ ದುಡ್ಡು ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಬೆಳೆ ಹೋದ ಮೇಲೆ. ನಿಯಮ ಕೆಟ್ಟದ್ದೇ, ಬದಲಾಗಬೇಕಾದದ್ದೇ. ಆದರೆ ಓದದಿದ್ದದ್ದು ನಾನು.

ಪ್ರಕೃತಿ ಮುನಿದಾಗ ಕೈ ಹಿಡಿಯಬೇಡಿ ಎಂದು ಇದರ ಅರ್ಥವಲ್ಲ. ಬರಕ್ಕೂ ನೆರೆಗೂ ಪರಿಹಾರ ಕೊಡುವುದು ನೆರೆಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿದ ಹಾಗೆ. ಅದಕ್ಕೂ ನೀವು 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಆಮೇಲೆ ದಿಲ್ಲಿಯಿಂದ 3,454 ಕೋಟಿ ಬಂತು. ಅದನ್ನು ಕೇಳಿದಿರಲ್ಲ, ಹಾಗೆ ಕೇಳುವುದು ನನಗೆ ಇಷ್ಟ. ಕೋರ್ಟಿಗೆ ಹೋಗಿ, ಲೆಕ್ಕ ಇಟ್ಟು, ನಮ್ಮ ಪಾಲು ಎಂದು ಕೇಳಿದಿರಿ. ನಿಮಗೆ ನೀವು ಬಳಸಿದ ಭಾಷೆಯನ್ನು ನಮಗೂ ಬಳಸಲು ಬಿಡಿ.

ನಮ್ಮ ಜಿಲ್ಲೆಯ ಒಂದು ಸಂಗತಿ ನೆನಪಿಸುತ್ತೇನೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ನೀವು ಪ್ರತಿ ಸಹಕಾರ ಸಪ್ತಾಹದಲ್ಲೂ ಭಾಷಣ ಮಾಡುತ್ತೀರಿ. ಭಾಷಣದಲ್ಲಿ ಬಿಟ್ಟುಹೋಗುವ ಒಂದು ಮಾತಿದೆ. 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳು ಅಪರಿಮಿತ ಹೊಣೆಯವು. ಒಬ್ಬ ಸಾಲ ಮುಳುಗಿಸಿದರೆ ಉಳಿದ ಸದಸ್ಯರ ಮನೆಮಠವೂ ಅದಕ್ಕೆ ಜಾಮೀನು. ಹಾಗಾಗಿ ಸಾಲ ಕೇಳಲು ಬಂದವನಿಗೆ ಮೊದಲು ನೆರೆಯವನೇ ಕೇಳುತ್ತಿದ್ದ: ಯಾತಕ್ಕೆ ತಗೊಳ್ಳಾಕತ್ತಿ? ಹ್ಯಾಂಗ ತೀರಿಸ್ತಿ? ಅದು ಕ್ರೂರ ನಿಯಮ, ಅದು ಮತ್ತೆ ಬರಲಿ ಎನ್ನುವುದಿಲ್ಲ. ಆದರೆ ಬ್ರಿಟಿಷರ ಕಾಲದ, ಓದು ಬಾರದ, ಪ್ಲೇಗು ಬರ ಕಂಡ ರೈತ ತನ್ನ ಜೊತೆಗೆ ನೆರೆಯವನ ಸಾಲಕ್ಕೂ ಹೆಗಲು ಕೊಡಬಲ್ಲ ಎಂದು ಯಾರೋ ನಂಬಿದ್ದರು. ಅವನು ಆ ನಂಬಿಕೆ ಉಳಿಸಿದ. ಅವನ ಮೊಮ್ಮಗ, ಕೈಲಿ ಮೊಬೈಲು ಹಿಡಿದವನು, ತನ್ನ 82 ಸಾವಿರಕ್ಕೂ ಹೆಗಲು ಕೊಡಲಾರ ಎಂದು ನೀವು ತೀರ್ಮಾನಿಸಿದಿರಿ. ನಾನು ಒಪ್ಪಿ ಸಹಿ ಹಾಕಿದೆ.

ಸೊಸೈಟಿಯ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮರುದಿನ ಅವನನ್ನು ಮನೆಗೆ ಕರೆದೆ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ ಎಂದು ಅವನಿಗೂ ಗೊತ್ತು, ಮೋಟರ್‌ಸೈಕಲ್ ಅಂಗಳದಲ್ಲೇ ನಿಂತಿತ್ತು. ಒಂದು ಹಾಳೆಯಲ್ಲಿ ಬೀಜ, ಗೊಬ್ಬರ, ಆಳು, ಲಾರಿ ಬಾಡಿಗೆ ಬರೆಸಿದೆ. ಕೆಳಗೆ ಸಾಲದ ಕಂತು. ಅವನು ಪೆನ್ನು ನಿಲ್ಲಿಸಿ, "ಅಣ್ಣಾರ, ಮಾಫಿ ಆದರ?" ಎಂದ. ಆಗದಿದ್ದರೆ ಎಂದು ಬರಿ ಅಂದೆ. ಬರೆದ. ಲೆಕ್ಕ ಹಾಕಿ, ಎರಡು ಎಕರೆ ಈರುಳ್ಳಿಯನ್ನು ಒಂದಕ್ಕೆ ಇಳಿಸಿ, ಉಳಿದದ್ದಕ್ಕೆ ಹೆಸರು ಹಾಕುತ್ತೇನೆ ಅಂದ. ಅವನ ಲೆಕ್ಕ ತಪ್ಪಬಹುದು. ಮಳೆ ತಪ್ಪಬಹುದು. ದಿಲ್ಲಿ ಮತ್ತೆ ರಫ್ತು ನಿಲ್ಲಿಸಬಹುದು. ಆದರೆ ಅದು ಅವನ ಲೆಕ್ಕ.

ಕೊನೆಯದಾಗಿ ಒಂದು ಕಚೇರಿ ಕೆಲಸ ಇದೆ, ಅದಕ್ಕೆ ತಮ್ಮ ಉತ್ತರ ಬೇಕು.

ಹೋದ ವಾರ ನಾನು 82 ಸಾವಿರ ರೂಪಾಯಿ ತೆಗೆದುಕೊಂಡು ಸೊಸೈಟಿಗೆ ಹೋಗಿದ್ದೆ. ಮನ್ನಾ ಆದದ್ದನ್ನು ವಾಪಸು ಕಟ್ಟುತ್ತೇನೆ ಎಂದೆ. ಕಾರ್ಯದರ್ಶಿ ಮೊದಲು ನನ್ನ ಆರೋಗ್ಯ ವಿಚಾರಿಸಿದ. ಆಮೇಲೆ ಕಂಪ್ಯೂಟರ್ ತೆಗೆದು ನೋಡಿ, ಆ ಸಾಲದ ಖಾತೆ ಮುಚ್ಚಿದೆ, ಜಮಾ ಮಾಡಿಕೊಳ್ಳಲು ಬರುವುದಿಲ್ಲ ಎಂದ. ತಾಲ್ಲೂಕಿಗೆ ಹೋದೆ. ಖಜಾನೆಗೆ ಚಲನ್ ತುಂಬಲು ಲೆಕ್ಕ ಶೀರ್ಷಿಕೆ ಬೇಕು, ಮನ್ನಾ ವಾಪಸಾತಿಗೆ ಅಂಥ ಶೀರ್ಷಿಕೆ ನಮಗೆ ಗೊತ್ತಿಲ್ಲ ಎಂದರು. ಅಲ್ಲಿದ್ದ ಗುಮಾಸ್ತರೊಬ್ಬರು, ಬಹಳ ಒಳ್ಳೆಯವರು, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟುಬಿಡಿ, ಪೇಪರಿನಲ್ಲಿ ಫೋಟೊ ಬರುತ್ತದೆ ಎಂದರು. ಅದು ದಾನವಾಗುತ್ತದೆ. ದಾನ ಕೊಡುವಷ್ಟು ದೊಡ್ಡವನಲ್ಲ ನಾನು.

ದುಡ್ಡು ಈಗ ಅದೇ ಟ್ರಂಕಿನಲ್ಲಿದೆ. ಯಾವ ಲೆಕ್ಕ ಶೀರ್ಷಿಕೆಗೆ ಕಟ್ಟಬೇಕು ಎಂಬುದನ್ನು ದಯವಿಟ್ಟು ತಮ್ಮ ಹಣಕಾಸು ಇಲಾಖೆಯಿಂದ ತಿಳಿಸಿ. ರಶೀದಿಯ ಮೇಲೆ ಬಾಕಿ ಜಮಾ ಎಂದೇ ಬರೆಯಬೇಕು. ಅಪ್ಪನಿಗೆ ತೋರಿಸಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ನರಗುಂದ ತಾಲ್ಲೂಕಿನ ಒಬ್ಬ ಸಾಲಗಾರ